ಸ್ಪರ್ಶ ಗಣಿತ ಸಾಮಗ್ರಿ: ಕರ್ನಾಟಕದಲ್ಲಿ ಬ್ರೈಲ್ ಗುರುತುಗಳ ಇತಿಹಾಸ

ಅಂಧ ವಿದ್ಯಾರ್ಥಿಗಳು ಬೆರಳಿನಿಂದ ತಡವಿ ಲೆಕ್ಕ ಕಲಿಯಲೆಂದು ಅಳತೆಪಟ್ಟಿ, ಕೋನಮಾಪಕ, ಗಡಿಯಾರದ ಮುಖ, ನಕ್ಷೆ, ಘನಾಕೃತಿ ಮುಂತಾದವಕ್ಕೆ ಉಬ್ಬುಗೆರೆ ಕೊಟ್ಟು, ಬ್ರೈಲ್ ಅಂಕಿ ಅಕ್ಷರಗಳನ್ನು ಅಂಟಿಸಿ ಸಿದ್ಧಪಡಿಸಿದ ಬೋಧನೋಪಕರಣಗಳು.

ಮುಟ್ಟಿ ಲೆಕ್ಕ ಮಾಡುವ ವಿದ್ಯೆ ಬ್ರೈಲ್ ಲಿಪಿಗಿಂತ ಹಳೆಯದು. 1711ರಲ್ಲಿ ಕೇಂಬ್ರಿಜ್‌ನಲ್ಲಿ ಗಣಿತ ಪ್ರಾಧ್ಯಾಪಕನಾದ ಅಂಧ ವಿದ್ವಾಂಸ ನಿಕೋಲಸ್ ಸಾಂಡರ್ಸನ್, ಹಲಗೆಯ ತೂತುಗಳಲ್ಲಿ ದೊಡ್ಡ ತಲೆಯ ಮತ್ತು ಸಣ್ಣ ತಲೆಯ ಗುಂಡುಸೂಜಿಗಳನ್ನು ಚುಚ್ಚಿ ಅಂಕಿಗಳನ್ನು ಗುರುತಿಸಿಕೊಳ್ಳುತ್ತಿದ್ದ. ಲೂಯಿ ಬ್ರೈಲ್‌ನ ಆರು ಚುಕ್ಕಿಯ ಲಿಪಿ ಪ್ರಕಟವಾದದ್ದು 1829ರಲ್ಲಿ. 19ನೆಯ ಶತಮಾನದಲ್ಲೇ ಇಂಗ್ಲೆಂಡಿನ ವಿಲಿಯಂ ಟೈಲರ್ ರೂಪಿಸಿದ ಟೈಲರ್ ಫ್ರೇಮ್ ಎಂಬ ಲೆಕ್ಕದ ಹಲಗೆ ಭಾರತದ ಅಂಧಶಾಲೆಗಳಲ್ಲಿ ಬೇರೂರಿತು. ಅದರ ಎಂಟು ಮೂಲೆಯ ತೂತುಗಳಲ್ಲಿ ಲೋಹದ ಅಚ್ಚನ್ನು ಎಂಟು ದಿಕ್ಕಿಗೆ ತಿರುಗಿಸಿ ಇಡಬಹುದು. ಅಚ್ಚಿನ ಒಂದು ತುದಿಯಲ್ಲಿ ಗೆರೆ, ಇನ್ನೊಂದರಲ್ಲಿ ಎರಡು ಮೊನೆ ಇರುವುದರಿಂದ ಒಂದೇ ಅಚ್ಚು ಹದಿನಾರು ಗುರುತುಗಳನ್ನು ಕೊಡುತ್ತದೆ. ಕಣ್ಣಿದ್ದವರು ಪಾಟಿಯ ಮೇಲೆ ಮಾಡುವಂತೆ ಬಿಡಿ, ಹತ್ತು, ನೂರುಗಳನ್ನು ಒಂದರ ಕೆಳಗೊಂದು ಜೋಡಿಸಿ ಕೂಡಿಸಲು ಇದರಷ್ಟು ಒದಗಿಬಂದ ಸಾಧನ ಬಹುಕಾಲ ಬೇರೊಂದಿರಲಿಲ್ಲ.

ಕನ್ನಡನಾಡಿನಲ್ಲಿ ಅಂಧರ ಶಿಕ್ಷಣಕ್ಕೆ ನೆಲೆ ಸಿಕ್ಕಿದ್ದು ಮೈಸೂರಿನಲ್ಲಿ. ಎಂ. ಶ್ರೀನಿವಾಸರಾವ್ 1901ರಲ್ಲಿ ಅಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ತೆರೆದರು. ಆಗ ದೇಶದಲ್ಲಿ ಹಲವು ಬ್ರೈಲ್ ಪದ್ಧತಿಗಳಿದ್ದವು. ಮೈಸೂರು–ಕನ್ನಡ ಬ್ರೈಲ್ ಅವುಗಳಲ್ಲೊಂದು. ಅವೆಲ್ಲದರ ಜಾಗಕ್ಕೆ 1951ರಲ್ಲಿ ಭಾರತಿ ಬ್ರೈಲ್ ಬಂತು. ಅದೇ ವರ್ಷ ಡೆಹ್ರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಆರಂಭವಾಯಿತು. ಮುಂದೆ ಮೈಸೂರಿನ ಸರ್ಕಾರಿ ಬ್ರೈಲ್ ಮುದ್ರಣಾಲಯ ಕನ್ನಡ ಪಠ್ಯಗಳನ್ನು ಅಚ್ಚು ಮಾಡತೊಡಗಿತು.

ಪುಸ್ತಕ ಬಂದರೂ ಗಣಿತದ ತೊಡಕು ತೀರಲಿಲ್ಲ. ಬ್ರೈಲ್‌ನಲ್ಲಿ ಅಂಕಿಗಳಿಗೆ ಸ್ವಂತ ರೂಪವಿಲ್ಲ: ಮುಂದೆ ಅಂಕಿಗುರುತು ಇಲ್ಲದಿದ್ದರೆ 1 ಎಂಬುದು ‘ಅ’, 2 ಎಂಬುದು ‘ಬ’, 7 ಎಂಬುದು ‘ಗ’. ಇನ್ನು ಲಿಪಿಯನ್ನು ಕುಗ್ಗಿಸುವಂತೆಯೂ ಇಲ್ಲ. ಆರು ಚುಕ್ಕಿಯ ಒಂದು ಮನೆಗೆ ಸುಮಾರು 6 ಮಿಲಿಮೀಟರ್ ಅಗಲ ಬೇಕು; ಅಂಕಿಗುರುತೂ ಸೇರಿ 180 ಬರೆಯಲು ನಾಲ್ಕು ಮನೆ, ಅಂದರೆ ಎರಡೂವರೆ ಸೆಂಟಿಮೀಟರಿನಷ್ಟು ಜಾಗ. ಜಾಮಿಟ್ರಿ ಬಾಕ್ಸಿನ ಕೋನಮಾಪಕದ ಅಂಚಿನಲ್ಲಿ ಹತ್ತು ಹತ್ತು ಡಿಗ್ರಿಗೆ ಹೀಗೆ ಬರೆಯಲಾಗದು. ಹಾಗಾಗಿ ಡಿಗ್ರಿಗಳಿಗೆ ಬರೀ ಚುಕ್ಕಿ, 90ಕ್ಕೆ ಉದ್ದನೆಯ ಉಬ್ಬುಗೆರೆ. ಚಿತ್ರದ ಭಾಗಗಳಿಗೆ ಒಂದೊಂದೇ ಅಕ್ಷರ, ವಿವರ ಬೇರೆ ಹಾಳೆಯಲ್ಲಿ. ಅಮೆರಿಕದ ಅಂಧ ಗಣಿತಜ್ಞ ಅಬ್ರಹಾಂ ನೆಮೆತ್ ರೂಪಿಸಿ 1952ರಲ್ಲಿ ಪ್ರಕಟವಾದ ಸಂಕೇತಾವಳಿ ಅಂಕಿಗಳನ್ನು ಮನೆಯ ಕೆಳಭಾಗಕ್ಕೆ ಇಳಿಸಿ ಅಕ್ಷರದ ಗೊಂದಲವನ್ನು ತಪ್ಪಿಸಿತು. ಭಾರತದಲ್ಲೂ ಗಣಿತಕ್ಕೆ ಅದು ಬಳಕೆಗೆ ಬಂತು. ಅಂಧರಿಗಾಗಿ ಟಿಮ್ ಕ್ರಾನ್ಮರ್ ಮಾರ್ಪಡಿಸಿದ, ಮಣಿ ಸರಿಸಿ ಲೆಕ್ಕ ಮಾಡುವ ಅಬಾಕಸ್ 1960ರ ದಶಕದ ಕೊಡುಗೆ.

ಬ್ರೈಲ್ ಪುಸ್ತಕಗಳಲ್ಲಿ ಚಿತ್ರಗಳನ್ನು ಕೈಬಿಡುವುದು ರೂಢಿಯಾಗಿದ್ದರಿಂದ ಆ ಕೊರತೆ ತುಂಬಿದವರು ಶಿಕ್ಷಕರೇ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬ್ರೈಲ್ ಸ್ಲೇಟಿಗೆ ಸಿಕ್ಕಿಸಿ, ಸ್ಟೈಲಸ್‌ನಿಂದ ಚುಕ್ಕಿಗಳನ್ನು ಬಲದಿಂದ ಎಡಕ್ಕೆ ಚುಚ್ಚಿ, ಕತ್ತರಿಸಿ ಅಂಟಿಸುವುದು. ತ್ರಿಭುಜದ ಬಾಹುಗಳಿಗೆ ಗೋಂದಿನ ಮೇಲೆ ದಾರ, ಬಿಂದುಗಳಿಗೆ ಹಣೆಬೊಟ್ಟಿನ ಸ್ಟಿಕರ್. ಅಗ್ಗದ ಉಪಾಯವಾದರೂ ಕೀಳಲ್ಲ. ಬೆರಳಿಗೆ ಸ್ಪಷ್ಟವಾಗುವುದೇ ಇಲ್ಲಿ ಮುಖ್ಯ.

ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣಕ್ಕಾಗಿ ಬಂದ 1974ರ ಕೇಂದ್ರ ಯೋಜನೆಯ ಬಳಿಕ ಅಂಧ ಮಕ್ಕಳನ್ನು ಊರಿನ ಸಾಮಾನ್ಯ ಶಾಲೆಯಲ್ಲೇ ಓದಿಸುವ ಕ್ರಮ ಬಂತು. ಅಜ್ಜಂಪುರ ತಾಲ್ಲೂಕಿನ ಶಿವನಿಯಂಥ ಹೋಬಳಿಗಳಿಗೆ ಇದರ ಮಹತ್ವ ಹೆಚ್ಚು. ವಿಶೇಷ ಶಾಲೆ ಬೇಕೆಂದರೆ ಅಲ್ಲಿಯ ಮಗು ಶಿವಮೊಗ್ಗದ ಶ್ರೀ ಶಾರದಾದೇವಿ ಅಂಧರ ವಿಕಾಸ ಕೇಂದ್ರದಂಥ ದೂರದ ಸಂಸ್ಥೆಗೆ ಹೋಗಬೇಕು. ಊರಲ್ಲೇ ಉಳಿದರೆ ಬ್ರೈಲ್ ಬಲ್ಲ ಸಂಪನ್ಮೂಲ ಶಿಕ್ಷಕರು ಬಂದು ಕಲಿಸಬೇಕು. ಅವರು ಬಾರದ ದಿನ ಕಲಿಸಬೇಕಾದ ತರಗತಿಯ ಶಿಕ್ಷಕರಿಗೆ ಬ್ರೈಲ್ ಗೊತ್ತಿರುವುದಿಲ್ಲ. ಸಾಮಗ್ರಿಯ ಮೇಲೆ ಬ್ರೈಲ್ ಜೊತೆಗೆ ಕಣ್ಣಿಗೆ ಕಾಣುವ ಅಂಕಿಯೂ ಇರಬೇಕಾದದ್ದು ಇದೇ ಕಾರಣಕ್ಕೆ.

ಎಸ್ಸೆಸ್ಸೆಲ್ಸಿಯಲ್ಲಿ ದೃಷ್ಟಿಹೀನರು ಗಣಿತದ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ವಿಷಯ ಆಯ್ದುಕೊಳ್ಳಲು ಅವಕಾಶವಿದೆ. ಕನಿಕರದಿಂದ ಕೊಟ್ಟ ಈ ವಿನಾಯಿತಿ, ಸಾಮಗ್ರಿ ಒದಗಿಸದೆ ಜಾರಿಕೊಳ್ಳುವವರಿಗೆ ಒಳ್ಳೆಯ ನೆಪವೂ ಆಗಿದೆ.