ಫೋಲಿಕ್ ಆಮ್ಲದ ಶೋಧ ಮತ್ತು ಚಿತ್ರದುರ್ಗ ಸೀಮೆಯ ಸೊಪ್ಪಿನಡುಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಅಡುಗೆಮನೆಗಳಲ್ಲಿ ಮುದ್ದೆಯ ಜೊತೆಗೆ ಸೊಪ್ಪು ಇದ್ದೇ ಇರುತ್ತದೆ. ಅದೇ ಸೊಪ್ಪಿಗೆ ರಕ್ತವಿಜ್ಞಾನದ ಚರಿತ್ರೆಯಲ್ಲಿಯೂ ಒಂದು ಸ್ಥಾನವುಂಟು.

1928ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್, ಮುಂಬಯಿಯ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ರಕ್ತಹೀನತೆಯ ಮೂಲವನ್ನು ಅವರ ಆಹಾರದಲ್ಲಿ ಹುಡುಕಿದರು. ಅದೇ ಬಗೆಯ ಆಹಾರವನ್ನು ತಿನ್ನಿಸಿದಾಗ ಗರ್ಭ ಧರಿಸಿದ ಇಲಿಗಳೂ ರಕ್ತಹೀನವಾದವು. ಯೀಸ್ಟ್ ಸೇರಿಸಿದಾಗ ಆ ದೋಷ ತಲೆದೋರಲಿಲ್ಲ. ಆದರೆ ಇಲಿಗಳಿಗೆ ಹೇನು ಹತ್ತಿ, ಅದರಿಂದ ಹರಡಿದ ಸೋಂಕು ಫಲಿತಾಂಶವನ್ನು ಸಂದೇಹಕ್ಕೀಡುಮಾಡಿತು. ಆದುದರಿಂದ ಪ್ರಯೋಗವನ್ನು ಕೋತಿಗಳ ಮೇಲೆ ಮತ್ತೆ ನಡೆಸಬೇಕಾಯಿತು. ಯೀಸ್ಟ್ ಸಾರವಾದ ಮಾರ್ಮೈಟ್ ಗರ್ಭಿಣಿಯರಲ್ಲಿಯೂ ಗುಣ ತೋರಿತೆಂಬುದನ್ನು ವಿಲ್ಸ್ 1931ರಲ್ಲಿ ಪ್ರಕಟಿಸಿದರು.

ಈ ಅಂಶದ ಕೊರತೆಯಾದಾಗ ಅಸ್ಥಿಮಜ್ಜೆಯಲ್ಲಿ ಡಿಎನ್‌ಎ ರಚನೆ ಕುಂಠಿತಗೊಳ್ಳುತ್ತದೆ. ಜೀವಕೋಶ ಬೆಳೆಯುತ್ತದೆ, ಸಕಾಲಕ್ಕೆ ವಿಭಜನೆಯಾಗುವುದಿಲ್ಲ. ಕೆಂಪು ರಕ್ತಕಣಗಳು ಗಾತ್ರದಲ್ಲಿ ದೊಡ್ಡವಾಗಿ, ಸಂಖ್ಯೆಯಲ್ಲಿ ಕಡಿಮೆಯಾಗುತ್ತವೆ. 1941ರಲ್ಲಿ ಅಮೆರಿಕೆಯ ಸಂಶೋಧಕರು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಫೋಲಿಕ್ ಎಂದು ಹೆಸರಿಟ್ಟರು. 1945ರಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ತಂಡವು ಅದನ್ನು ಕೃತಕವಾಗಿ ಸಂಯೋಜಿಸಿತು.

ಫೋಲೇಟ್ ನೀರಿನಲ್ಲಿ ಕರಗುವ ವಸ್ತು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಬಹುಭಾಗ ಚೆಲ್ಲಿಹೋಗುತ್ತದೆ. ಬಸ್ಸಾರಿನಲ್ಲಿ ಬಸಿದ ಕಟ್ಟೇ ಸಾರಾಗುತ್ತದೆ, ಸೊಪ್ಪು ಕಾಳುಗಳು ಪಲ್ಯವಾಗುತ್ತವೆ. ಇದನ್ನು ಪೂರ್ವಿಕರ ವೈಜ್ಞಾನಿಕ ಜ್ಞಾನವೆಂದು ಕೊಂಡಾಡುವುದು ಅತಿಶಯೋಕ್ತಿ. ಏನನ್ನೂ ಚೆಲ್ಲದ ಬಡತನದ ಮಿತವ್ಯಯವೆನ್ನುವುದೇ ಸರಿ. ಅಲ್ಲದೆ ಕೊನೆಗೆ ಉಣ್ಣುವ ಹೆಂಗಸಿನ ತಟ್ಟೆಗೆ ಎಷ್ಟು ಉಳಿಯುತ್ತಿತ್ತೆಂಬುದು ಬೇರೆಯೇ ಪ್ರಶ್ನೆ.

ಕುರಿ ಆಡುಗಳನ್ನು ನಂಬಿದ ಈ ಸೀಮೆಯ ಕಾಡುಗೊಲ್ಲರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಆಡಿನ ಹಾಲಿನಲ್ಲಿ ಫೋಲೇಟ್ ಅತ್ಯಲ್ಪ. ಅದೊಂದರಿಂದಲೇ ಬೆಳೆದ ಕೂಸುಗಳಲ್ಲಿ ದೊಡ್ಡ ಕಣಗಳ ರಕ್ತಹೀನತೆ ಕಾಣಿಸಿಕೊಂಡದ್ದು ಯುರೋಪಿನಲ್ಲಿ ದಾಖಲಾಗಿದೆ. ತಾಯಿಹಾಲೇ ಕೂಸಿಗೆ ರಕ್ಷೆ. ಆದರೆ ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಕೂಸಿನೊಡನೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿಯಲ್ಲಿ, ಮೊಲೆಯುಣಿಸುವ ಆ ತಾಯಿ ಏನು ಉಣ್ಣಬೇಕೆಂಬುದು ಹೊರಗಿನಿಂದ ಅನ್ನ ತಂದಿಡುವವರ ಕೈಯಲ್ಲಿರುತ್ತದೆ. ಶೀತವೆಂದು ಹಲವು ಸೊಪ್ಪುಗಳನ್ನು ದೂರವಿಡುವ ಪಥ್ಯವೂ ಅದರೊಡನೆ ಸೇರುತ್ತದೆ.