ಕಷ್ಟಕಾಲದಲ್ಲಿ ನಂಬುಗೆ



ಮಠಕ್ಕೆ ಬರುವ ಭಕ್ತರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದುಂಟು. “ಬುದ್ಧಿ, ನಾವು ಲಿಂಗಪೂಜೆ ತಪ್ಪಿಸಿದವರಲ್ಲ, ಯಾರಿಗೂ ಕೇಡು ಬಯಸಿದವರಲ್ಲ. ಆದರೂ ನಮಗೇಕೆ ಈ ಕಷ್ಟ? ನಂಬಿದ ದೇವರು ಕೈಬಿಟ್ಟನೇ?” ಈ ಪ್ರಶ್ನೆಗೆ ಪವಾಡದ ಕಥೆ ಹೇಳಿ ಸಮಾಧಾನಪಡಿಸುವುದು ಸುಲಭ. ಇಂದು ನಾವು ಚರಿತ್ರೆಯನ್ನೇ ಕೇಳೋಣ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದ ಕಾಲವದು. ಮಡಿವಾಳರು, ಅಂಬಿಗರು, ಸಮಗಾರರು ಸಮಾನವಾಗಿ ಕುಳಿತು ಶಿವಾನುಭವ ನಡೆಸಿದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತು. ಇದನ್ನು ಸಹಿಸದವರ ಮಾತಿಗೆ ಅರಸನು ಕಿವಿಗೊಟ್ಟನು. ಆ ಇಬ್ಬರು ತಂದೆಯರನ್ನೂ ಎಳೆಹೂಟೆಗೆ ಕಟ್ಟಿ ಕೊಲ್ಲಿಸಿದನೆಂದು ಪರಂಪರೆ ಹೇಳುತ್ತದೆ. ಸುಮಾರು 1167ರಲ್ಲಿ ಬಿಜ್ಜಳನ ಕೊಲೆಯಾಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಚೆನ್ನಬಸವಣ್ಣನವರು ಶರಣರನ್ನು ಕೂಡಿಕೊಂಡು ಉಳವಿಯ ಕಾಡಿನ ದಾರಿ ಹಿಡಿದರು.

ಅಂದು ಆ ದಾರಿಯಲ್ಲಿ ನಡೆದ ಒಬ್ಬ ಸಾಮಾನ್ಯ ಶರಣನ ಸ್ಥಾನದಲ್ಲಿ ನಿಂತು ಯೋಚಿಸಿರಿ. ಮನೆ ಹೋಯಿತು, ಗುರು ಅಗಲಿದರು, ಬೆನ್ನಹಿಂದೆ ಅರಸನ ದಂಡು. ದೇವರು ಹರಳಯ್ಯನವರ ಪ್ರಾಣವನ್ನು ಉಳಿಸಲಿಲ್ಲ. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ. ಎಲ್ಲವೂ ಮುಗಿಯಿತೆಂದು ಆ ಶರಣನು ಅಂದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಶರಣರು ಹಾಗೆ ತಿಳಿಯಲಿಲ್ಲ. ಬೆನ್ನಮೇಲೆ ವಚನಗಳ ಕಟ್ಟು ಹೊತ್ತು ನಡೆದರು. ಅದನ್ನು ಮುಂದೆ ಯಾರು ಓದುವರೋ ಅವರಿಗೆ ತಿಳಿದಿರಲಿಲ್ಲ. ಸತ್ಯವನ್ನು ಕಾಯುವವನು ಶಿವ, ಹೊರುವ ಕಾಯಕ ಮಾತ್ರ ನಮ್ಮದು ಎಂಬುದೇ ಅವರ ನಂಬುಗೆ.

ಆ ನಂಬುಗೆ ಹುಸಿಯಾಯಿತೇ? ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ಚದುರಿದ ವಚನಗಳನ್ನು ಕೂಡಿಸಿದರು. ಶೂನ್ಯಸಂಪಾದನೆ ರೂಪುಗೊಂಡಿತು. ಮತ್ತೆ ಶತಮಾನಗಳು ಕಳೆದವು. ತಾಡೋಲೆಗಳು ಮಠಗಳಲ್ಲಿ, ಭಕ್ತರ ಮನೆಗಳ ಜಗುಲಿಯ ಮೇಲೆ ಉಳಿದವು. ಓದಲು ಬಾರದವರೂ ಅವಕ್ಕೆ ವಿಭೂತಿ ಹಚ್ಚಿ, ಪತ್ರಿ ಏರಿಸಿ ಕಾಪಾಡಿದರು.

ಇಪ್ಪತ್ತನೆಯ ಶತಮಾನದಲ್ಲಿ ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ಅಲೆದು ಆ ಓಲೆಗಳನ್ನು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದಿತು. ಅಚ್ಚಿನ ಕೆಲಸ ನಿಲ್ಲಬಾರದೆಂದು ಇದ್ದ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಬಡತನ ಅವರನ್ನು ಬಿಡಲಿಲ್ಲ, ಅವರೂ ಕಾಯಕ ಬಿಡಲಿಲ್ಲ. 1964ರಲ್ಲಿ ಲಿಂಗೈಕ್ಯರಾಗುವಾಗ ಅವರ ಹೆಸರಿನಲ್ಲಿ ಆಸ್ತಿಯಿರಲಿಲ್ಲ, ನಾಡಿನ ನಾಲಗೆಯ ಮೇಲೆ ವಚನಗಳಿದ್ದವು. 1993ರಲ್ಲಿ ಕರ್ನಾಟಕ ಸರಕಾರವೇ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು.

ನೋಡಿರಿ, ಉಳವಿಯ ದಾರಿಯಿಂದ ಅಚ್ಚಿನ ಮನೆಗೆ 750 ವರ್ಷಗಳ ಪಯಣ! ಕಾಡಿನಲ್ಲಿ ನಡೆದವರು ಇದನ್ನು ಕಾಣಲಿಲ್ಲ. ಕಾಣದೆಯೂ ನಂಬಿದರು. ದೇವರ ನಿಷ್ಠೆಯನ್ನು ನಮ್ಮ ಒಂದು ಸುಗ್ಗಿಯಿಂದ, ಒಂದು ರೋಗದಿಂದ, ಒಂದು ಸಾಲದಿಂದ ಅಳೆಯಲಾಗದು. ‘ನಾನು ಪೂಜಿಸುತ್ತೇನೆ, ನೀನು ಕಷ್ಟ ತಪ್ಪಿಸು’ ಎಂಬುದು ವ್ಯಾಪಾರವೇ ಹೊರತು ಭಕ್ತಿಯಲ್ಲ.

ಆದುದರಿಂದ ಬಂಧುಗಳೇ, ಕಷ್ಟ ಬಂದಾಗ ಅಳು ಬಂದರೆ ಅಳಿರಿ, ಅದು ತಪ್ಪಲ್ಲ. ಆದರೆ ಹೊತ್ತ ಕಟ್ಟನ್ನು ಮಾತ್ರ ಕೆಳಗಿಡಬೇಡಿರಿ. ನಿಮ್ಮ ಕಾಯಕ, ನಿಮ್ಮ ದಾಸೋಹ, ಅಂಗೈಯ ಲಿಂಗ, ಇವೇ ಆ ಕಟ್ಟು. ಅದರ ಫಲವನ್ನು ನೀವು ಕಾಣದಿದ್ದರೂ ನಿಮ್ಮ ಮಕ್ಕಳು ಕಾಣುವರು.