ತುರಾಯಿ

ಬೀದರ್ ಸೀಮೆಯ ಯಾವ ಸತ್ಕಾರದ ಸುದ್ದಿ ಓದಿದರೂ ಹಾರ ಒಂಟಿಯಾಗಿ ಬರುವುದಿಲ್ಲ, ಹಾರ-ತುರಾಯಿ ಎಂದೇ ಬರುತ್ತದೆ. ಹಾರ ಕೊರಳಿಗೆ, ತುರಾಯಿ ಕೈಗೆ: ಎಲೆ ಸಮೇತ ಬಿಗಿದು ಕಟ್ಟಿದ ಹೂವಿನ ಪುಟ್ಟ ಗೊಂಚಲು. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ತನ್ನ ಸಭೆ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲು ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಪುಸ್ತಕ ಕೊಡುವುದು ಒಳ್ಳೆಯದೇ. ನನ್ನ ಕಣ್ಣು ನಿಂತದ್ದು ಹೂಗುಚ್ಛ ಎಂಬ ಪದದ ಮೇಲೆ. ನಮ್ಮ ಕಡೆಯ ಜನ ಅದಕ್ಕೆ ತುರಾಯಿ ಅನ್ನುತ್ತಾರೆ, ಮತ್ತು ತುರಾಯಿ ಎಂಬ ಪದ ಹುಟ್ಟಿದ್ದು ಕೈಗಾಗಿ ಅಲ್ಲ, ತಲೆಗಾಗಿ.

ಪಾರಸಿಯ ತುರ್ರಾ ಎಂದರೆ ಮೊದಲಿಗೆ ಹಣೆಯ ಮೇಲೆ ಇಳಿಬಿದ್ದ ಕೂದಲಿನ ಸುರುಳಿ. ಕೂದಲಿನಿಂದ ಅದು ಪಾಗೋಟಕ್ಕೆ ಏರಿತು. ಅಲ್ಲಿ ಕುಚ್ಚಾಯಿತು, ಗರಿಯಾಯಿತು, ಮುತ್ತಿನ ಗೊಂಚಲಾಯಿತು. ಅದರ ಜೋಡಿ ಪದ ಕಲ್ಗಿ, ಬಕ ಜಾತಿಯ ಹಕ್ಕಿಗಳ ಗರಿ ಸಿಕ್ಕಿಸಿದ ಶಿರೋಭೂಷಣ. ಎರಡೂ ದರ್ಬಾರಿನ ಪದಗಳು. ದೊರೆ ಮೆಚ್ಚಿ ಕೊಟ್ಟರೆ ತಲೆಗೆ ಏರುತ್ತಿದ್ದವು. ಹದಿನೈದನೇ ಶತಮಾನದಲ್ಲಿ ಬಹಮನಿಗಳು ಬೀದರನ್ನು ರಾಜಧಾನಿ ಮಾಡಿಕೊಂಡರು. ಹೈದರಾಬಾದ್ ಸಂಸ್ಥಾನ ಕೊನೆಗೊಂಡ 1948ರವರೆಗೂ ಈ ಸೀಮೆಯ ಕಚೇರಿಗಳಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು ನಡೆಯಿತು. ತುರ್ರಾ ನಮ್ಮ ಬಾಯಿಗೆ ಬಂದು, ಬಾಲಕ್ಕೊಂದು ‘ಯಿ’ ಅಂಟಿಸಿಕೊಂಡು, ಕನ್ನಡದ ಮನೆಮಗಳಾದದ್ದು ಹೀಗೆ. ಅದಕ್ಕೂ ಮುಂಚಿನ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಈ ಪದ ಗೊತ್ತಿರಲಿಲ್ಲ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಹೂಮಾಲೆಯ ಭೋಗಕ್ಕೇ ಪ್ರತ್ಯೇಕ ಜಾಗವಿದೆ. ಶೃಂಗಾರದ ಹಂಬಲ ಈ ಊರಿಗೆ ಹೊಸದಲ್ಲ, ಹೆಸರಷ್ಟೇ ಆಮೇಲೆ ಬಂತು.

ಇವತ್ತು ಬಸವಕಲ್ಯಾಣದಲ್ಲಾಗಲಿ ಹುಮನಾಬಾದದಲ್ಲಾಗಲಿ ತುರಾಯಿಯನ್ನು ಅದರ ಮೂಲ ಜಾಗದಲ್ಲಿ ನೋಡಬೇಕೆಂದರೆ ಮದುವೆಗೆ ಹೋಗಬೇಕು. ಪಟಗ, ರುಮಾಲು, ಫೇಟಾ, ಹೆಸರು ಯಾವುದಾದರೂ ಇರಲಿ, ಕಟ್ಟುವ ಬಗೆ ನೋಡುವಂಥದ್ದು. ಗಂಜಿ ಹಾಕಿ ಒಣಗಿಸಿದ ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಬೆರಳಗಲದ ನಿರಿಗೆಗಳಾಗಿ ಮಡಚಿ ಒತ್ತಬೇಕು. ತಲೆಯ ಸುತ್ತು ಮುಗಿದ ಮೇಲೆ ಆ ನಿರಿಗೆಯ ಬುಡವನ್ನು ಸುತ್ತಿನೊಳಗೆ ಬಿಗಿಯಾಗಿ ಸಿಕ್ಕಿಸಿ, ಮೇಲಿನ ಭಾಗವನ್ನು ಬೀಸಣಿಕೆಯಂತೆ ಬಿಡಿಸಬೇಕು. ಇದೇ ತುರಾಯಿ. ಇನ್ನೊಂದು ತುದಿ ಬೆನ್ನ ಮೇಲೆ ಇಳಿಯುತ್ತದೆ. ಗಂಜಿ ಕಮ್ಮಿಯಾದರೆ ಹಂದರ ತಲುಪುವಷ್ಟರಲ್ಲಿ ನಿರಿಗೆ ಸೋತು ಮಲಗುತ್ತದೆ. ಹೆಚ್ಚಾದರೆ ಮಡಿಕೆಯಲ್ಲೇ ಬಿರಿಯುತ್ತದೆ. ಕಟ್ಟುವವನ ಹಿಂದೆ ನಿಂತ ಹಿರಿಯರಿಗೆ ಅದೊಂದೇ ಚಿಂತೆ: “ತುರಾಯಿ ನೆಟ್ಟಗ ನಿಂದ್ರಸೋ ತಮ್ಮಾ, ಅದು ಬಾಗಿದ್ರ ಮದಿಮಗನೇ ಬಾಗಿದಂಗ ಕಾಣಸ್ತದ.”

ಪಟಗದ ಕೆಳಗೆ, ಹಣೆಗೆ, ಬಾಸಿಂಗ. ಹಗುರಾದ ಬೆಂಡು ಕೆತ್ತಿ, ಬೇಗಡೆ ಅಂಟಿಸಿ, ಮಣಿಯ ಎಳೆ ಇಳಿಬಿಟ್ಟು ಮಾಡುವ ಈ ಒಡವೆಯ ಹೆಸರು ಹಳಗನ್ನಡದ ಬಾಸಿಗದಿಂದ, ಅಂದರೆ ಹೂವಿನ ಮಾಲೆಯಿಂದ, ಬಂದದ್ದು. ಗಡಿಯಾಚೆಯ ಮರಾಠಿಯವರಿಗೂ ಅದು ಬಾಶಿಂಗವೇ. ಮದುವೆ ಕೂಡಿಬರುವ ಯೋಗಕ್ಕೆ ಅವರು ಬಾಶಿಂಗಬಳ ಅನ್ನುತ್ತಾರೆ. ಮುಸಲ್ಮಾನರ ಮನೆಯಲ್ಲಿ ಅದೇ ಹಣೆಗೆ ಹೂವಿನ ಸೆಹರಾ ಇಳಿಯುತ್ತದೆ. ಸೆಹರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮದುವೆಯಲ್ಲಿ ಓದುವ ಕವಿತೆಯ ಹೆಸರೂ ಆಯಿತು. 1852ರಲ್ಲಿ ದೆಹಲಿಯ ರಾಜಕುಮಾರ ಜವಾನ್ ಬಖ್ತನ ಮದುವೆಗೆ ಗಾಲಿಬ್ ಮತ್ತು ಜೌಕ್ ಪೈಪೋಟಿಯಲ್ಲಿ ಸೆಹರಾ ಬರೆದರು. ಮದಿಮಗನ ತಲೆಯಷ್ಟೇ ಅಲ್ಲ, ಬೀಗರಿಗೆ ಆಯೇರಿ ಮಾಡುವಾಗ ಬಿಳಿ ಟೊಪ್ಪಿಗೆಯೂ ಟವೆಲ್ಲೂ ಕೊಡುವ ರೂಢಿ ಇದೆ. ಬರಿತಲೆಯ ಗೌರವವನ್ನು ಈ ಸೀಮೆ ಒಪ್ಪುವುದಿಲ್ಲ.

ಇಷ್ಟೆಲ್ಲದರಲ್ಲಿ ಗರಿ ಎಲ್ಲಿ? ಅದು ಹೆಚ್ಚಾಗಿ ಕಾಣುವುದು ಮದಿಮಗನನ್ನು ಹಣಮಪ್ಪನ ಗುಡಿಗೆ ಹೊತ್ತೊಯ್ಯುವ ಕುದುರೆಯ ನೆತ್ತಿಯ ಮೇಲೆ. ಮನುಷ್ಯನ ತಲೆಯ ಮೇಲೆ ಗರಿಯ ಕೆಲಸವನ್ನು ಬಟ್ಟೆಯ ನಿರಿಗೆಯೇ ವಹಿಸಿಕೊಂಡಿದೆ. ಇಂಗ್ಲೆಂಡಿನ ಮದುವೆಗಳಲ್ಲಿ ಇದು ತಿರುವುಮುರುವಾಗಿದೆ. ಅಲ್ಲಿನ ಹೆಂಗಸರು ಫ್ಯಾಸಿನೇಟರ್ ಎಂಬ ಒಂದು ಹಿಡಿ ಗರಿಯ ಶೃಂಗಾರವನ್ನು ಕೂದಲಿಗೆ ಸಿಕ್ಕಿಸಿಕೊಳ್ಳುತ್ತಾರೆ: ಹ್ಯಾಟು ಹೋಯಿತು, ಗರಿ ಉಳಿಯಿತು. 2012ರಲ್ಲಿ ಆಸ್ಕಟ್ ಕುದುರೆ ಪಂದ್ಯದ ರಾಜಾಂಗಣದಲ್ಲಿ ಅದನ್ನು ನಿಷೇಧಿಸಿ, ತಲೆಯ ಮೇಲಿನದಕ್ಕೆ ಕಡೇಪಕ್ಷ ನಾಲ್ಕು ಇಂಚಿನ ಗಟ್ಟಿ ತಳವಿರಬೇಕೆಂದು ನಿಯಮ ಮಾಡಿದರು. ನೂರು ವರ್ಷಕ್ಕೂ ಹಿಂದೆ ಅಲ್ಲಿನ ಹ್ಯಾಟುಗಳಿಗಾಗಿ ಬೆಳ್ಳಕ್ಕಿಗಳನ್ನು ಮರಿ ಮಾಡುವ ಹೊತ್ತಿನಲ್ಲೇ ಕೊಲ್ಲುತ್ತಿದ್ದರು, ಯಾಕೆಂದರೆ ಚೆಂದದ ಗರಿ ಮೂಡುವುದು ಆಗಲೇ. 1902ರಲ್ಲಿ ಭಾರತದಿಂದ ಕಾಡುಹಕ್ಕಿಗಳ ಗರಿ ರಫ್ತಾಗುವುದಕ್ಕೆ ತಡೆ ಬಿತ್ತು. 1921ರಲ್ಲಿ ಬ್ರಿಟನ್ನು ಆಮದನ್ನೂ ನಿಲ್ಲಿಸುವ ಕಾಯ್ದೆ ತಂದಿತು. ನಮ್ಮ ತುರಾಯಿ ಗರಿ ಬಿಟ್ಟು ಬಟ್ಟೆ ಹಿಡಿದದ್ದು ಹಕ್ಕಿಗಳ ಪುಣ್ಯ ಎಂದೇ ನನಗನ್ನಿಸುತ್ತದೆ.

ಪದಕ್ಕೆ ಇನ್ನೊಂದು ಮನೆ ಲಾವಣಿಯಲ್ಲಿದೆ. ಹರದೇಶಿ ಮೇಳದವರದು ತುರಾಯಿ, ಅವರು ಶಿವ ದೊಡ್ಡವನೆಂದು ಹಾಡುತ್ತಾರೆ. ನಾಗೇಶಿಯವರದು ಕಲ್ಗಿ, ಅವರಿಗೆ ಶಕ್ತಿಯೇ ದೊಡ್ಡವಳು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ದಪ್ಪು, ತುಂತುಣಿ ಹಿಡಿದು ಇಡೀ ರಾತ್ರಿ ಸವಾಲು ಜವಾಬು ನಡೆಯುತ್ತದೆ. ಉತ್ತರ ಭಾರತದಲ್ಲಿ ಇದೇ ಬಗೆಯಲ್ಲಿ ಹಾಡುವ ತುರ್ರಾ-ಕಲಂಗಿಯವರು ಹೇಳುವ ಕಥೆ ಇದು: ತುಕನಗೀರ್ ಎಂಬ ಗೋಸಾವಿ, ಶಾ ಅಲಿ ಎಂಬ ಫಕೀರ ಹಾಡಿನಲ್ಲಿ ಸರಿಸಮ ನಿಂತಾಗ ಚಂದೇರಿಯ ದೊರೆ ಒಬ್ಬನಿಗೆ ತುರ್ರಾ, ಇನ್ನೊಬ್ಬನಿಗೆ ಕಲ್ಗಿ ಕೊಟ್ಟನಂತೆ. ಒಂದೇ ಪಾಗೋಟದ ಎರಡು ಒಡವೆ ಇಬ್ಬರಿಗೆ ಹಂಚಿಹೋದ ಈ ಕಥೆ ನನಗೆ ಬಲು ಪ್ರೀತಿಯದು. ನಿಜವೋ ಸುಳ್ಳೋ, ಅದನ್ನು ಕಟ್ಟಿದವರ ಮನಸ್ಸು ದೊಡ್ಡದಿತ್ತು. ಗುಲ್‌ಮೊಹರ್ ಮರಕ್ಕೂ ಕೆಂಪು ತುರಾಯಿ ಎಂಬ ಹೆಸರಿದೆ. ಮಡಗಾಸ್ಕರದ ಮರಕ್ಕೆ ಪಾರಸಿಯಿಂದ ಬಂದ ಕನ್ನಡ ಹೆಸರು.

ಆದರೆ ದರ್ಬಾರಿನ ಪದ ದರ್ಬಾರಿನ ಗುಣವನ್ನು ಸುಲಭಕ್ಕೆ ಬಿಡುವುದಿಲ್ಲ. ಯಾರು ತುರಾಯಿ ಬಿಡಬಹುದು, ಯಾರು ಕುದುರೆ ಏರಬಹುದು ಎಂದು ಅಪ್ಪಣೆ ಕೊಡುವವರು ಊರೂರಿನಲ್ಲೂ ಇದ್ದರು. ದಲಿತ ಮದುಮಗನನ್ನು ಕುದುರೆಯಿಂದ ಇಳಿಸಿದ ಸುದ್ದಿ ದೇಶದ ಯಾವುದಾದರೂ ಮೂಲೆಯಿಂದ ಇಂದಿಗೂ ಬರುತ್ತದೆ. ಕಲ್ಯಾಣದ ನೆಲದಲ್ಲಿ ನಿಂತು ಅಂಥ ಸುದ್ದಿ ಓದುವುದು ಸಂಕಟ. ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳು ಲಾವಣ್ಯಳಿಗೂ ಶರಣರು ಲಗ್ನ ಮಾಡಿದ್ದು ಇಲ್ಲೇ. ಆ ಒಂದು ಮದುವೆಗಾಗಿ ಬೀಗರಿಬ್ಬರೂ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆಗೆ ಗುರಿಯಾದರು, ಕಲ್ಯಾಣ ಹೊತ್ತಿ ಉರಿಯಿತು ಎಂಬುದು ಶರಣ ಪರಂಪರೆ ಕಾದಿಟ್ಟ ನೆನಪು.

ಅದಕ್ಕೇ ಹೊಲಿದ ಸಿದ್ಧ ಪಟಗವನ್ನು ಹಳಿಯುವವರ ಜೊತೆ ನಾನು ಸೇರಲಾರೆ. ಕೈಯಿಂದ ಕಟ್ಟುವವರು ಕಡಿಮೆಯಾಗುತ್ತಿದ್ದಾರೆ ನಿಜ, ಆ ವಿದ್ಯೆ ಉಳಿಯಬೇಕು, ಕಲಿಯುವ ಹುಡುಗರಿಗೆ ಮದುವೆ ಮನೆಯವರು ಕೂಲಿಯನ್ನು ಕೈತುಂಬ ಕೊಡಬೇಕು. ಆದರೆ ಪೇಟೆಯಲ್ಲಿ ಸಾಲಾಗಿ ತೂಗುಹಾಕಿದ ಪಟಗಕ್ಕೆ ರೊಕ್ಕ ಕೊಡುವವನ ಕುಲವನ್ನು ಅಂಗಡಿಯವನು ಕೇಳುವುದಿಲ್ಲ. ತಲೆಯ ಅಳತೆ ಕೇಳುತ್ತಾನೆ, ಬಣ್ಣ ಕೇಳುತ್ತಾನೆ, ತುರಾಯಿ ಎಷ್ಟು ಎತ್ತರ ಬೇಕೆಂದು ಕೇಳುತ್ತಾನೆ.